ಕರೆಂಟಿನ ಷಡ್ಜ

ಮುಂಬಯಿಯ ಮಲಾಡಿನ ಆ ಮೂರನೆಯ ಮಹಡಿಯ ಮನೆಯಲ್ಲಿ ನಾನು ಮೊದಲು ಮಾಡಿದ ಕೆಲಸವೆಂದರೆ, ಕೆಟ್ಟು ಕೂತಿದ್ದ ಆಂಪ್ಲಿಫೈಯರಿಗೆ ಮೂಗು ಹಚ್ಚಿ ವಾಸನೆ ನೋಡಿದ್ದು. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಮೀಟರಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಇದು ಬರೀ ಸುಟ್ಟಿರಲಿಲ್ಲ, ಒಳಗಿನ ಕಬ್ಬಿಣದ ತಗಡುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಟ್ಯೂಬುಗಳನ್ನು ಕೂರಿಸುವ ಸಾಕೆಟ್ಟುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಯಾರೋ ರೇಡಿಯೋ ರಿಪೇರಿಯವರು ಎಷ್ಟೋ ವರ್ಷಗಳ ಹಿಂದೆ ಕೈಯಿಂದಲೇ ಕಟ್ಟಿಕೊಟ್ಟ ಟ್ಯೂಬ್ ಸೆಟ್ಟು ಅದು. ಕಟ್ಟಿದವರು ಈಗಿಲ್ಲ, ಅದರ ನಕ್ಷೆಯೂ ಇಲ್ಲ.

“ಏನಂತೀ? ಜೀವ ಅದನೋ ಇಲ್ಲೋ?” ಎಂದು ಕೇಳಿದರು ಆ ಮನೆಯ ಅಕ್ಕೋರು.

“ಮಣ್ಣ ಮಾಡೂದೊಂದು ಬಾಕಿ ಐತ್ರಿ,” ಎಂದೆ. ನನ್ನ ಬಾಯಿಯೇ ಹಾಗೆ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವಳು ನಾನು. ಮೆತ್ತಗೆ ಮಾತಾಡಿದರೆ ಪಕ್ಕದ ಪ್ಲಾಸ್ಟಿಕ್ ಕಾರ್ಖಾನೆಯ ಮೋಲ್ಡಿಂಗ್ ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅದೇ ಗಂಟಲು ಇಟ್ಟುಕೊಂಡು ಸಂಗೀತದ ಮನೆಗೂ ಹೋಗಿದ್ದೆ.

ಅಕ್ಕೋರು ಧಾರವಾಡದವರು, ಮಲಾಡಿನಲ್ಲಿ ಹಿಂದೂಸ್ತಾನಿ ಗಾಯನದ ಪಾಠ ಹೇಳುತ್ತಾರೆ. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುವುದು ರೂಢಿ. ಅವರ ಗುಜರಾತಿ, ಮರಾಠಿ ಶಿಷ್ಯೆಯರು ಅದನ್ನೇ ಅಡ್ಡಹೆಸರು ಎಂದುಕೊಂಡು ‘ಅಕ್ಕೋರ್ ಮ್ಯಾಡಮ್’ ಎಂದು ಕರೆಯುತ್ತಾರೆ. ಅವರು ತಿದ್ದಲು ಹೋಗಿಲ್ಲ.

ಅವರ ಮನೆಯಲ್ಲಿ ಶನಿವಾರ ಹಾಡುವ ಪಾಠವಿಲ್ಲ, ಕೇಳುವ ಪಾಠ. ಶಿಷ್ಯೆಯರೆಲ್ಲ ಚಾಪೆಯ ಮೇಲೆ ಕೂತು ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳಬೇಕು. ಮಾತಾಡುವಂತಿಲ್ಲ, ಜೊತೆಗೆ ಗುನುಗುವಂತಿಲ್ಲ, ಮೊಬೈಲುಗಳು ಚಪ್ಪಲಿಗಳ ಪಕ್ಕದಲ್ಲಿ ಹೊರಗೆ. ಸೆಟ್ಟು ಕೆಟ್ಟ ಮೇಲೆ ಆ ಪಾಠ ನಿಂತುಹೋಗಿತ್ತು. ಶಿಷ್ಯೆಯರು ಒಂದು ಕಪ್ಪು ಬಣ್ಣದ ಹೊಸ ಬ್ಲೂಟೂತ್ ಡಬ್ಬಿ ತಂದುಕೊಟ್ಟಿದ್ದರು. ಅಕ್ಕೋರು ಅದರ ಮೇಲೆ ಹೂದಾನಿ ಇಟ್ಟಿದ್ದರು.

“ಅದರಾಗ ಹಾಡು ಕೇಳಸ್ತದ, ತಂಬೂರಿ ಕೇಳಸೂದಿಲ್ಲ,” ಎಂದು ಅವರು ಕಪಾಟಿನಿಂದ ಒಂದು ತಟ್ಟೆ ತೆಗೆದು ನನ್ನ ಕೈಗೆ ಕೊಟ್ಟರು. ಅದು ಅವರ ಗುರುಗಳ ಗಾಯನ. ಆ ಮಹಾತಾಯಿಯ ಹಿಂದೆ ಕೂತು ತಂಬೂರಿ ನುಡಿಸಿದ ಹತ್ತೊಂಬತ್ತರ ಹುಡುಗಿ ಇವರೇ. ತಟ್ಟೆಯ ರಟ್ಟಿನ ಹೊದಿಕೆಯ ಮೇಲೆ ತಬಲಾದವರ ಹೆಸರಿದೆ, ಹಾರ್ಮೋನಿಯಂನವರ ಹೆಸರಿದೆ, ತಂಬೂರಿಯವರ ಹೆಸರನ್ನು ಮಾತ್ರ ಯಾರೂ ಹಾಕುವುದಿಲ್ಲ.

“ಹೆಸರು ಬ್ಯಾಡವಾ, ಕೇಳಸಿದ್ರ ಸಾಕು. ಗುರುಪೂರ್ಣಿಮಾತನಕ ಹಾದಿ ನೋಡ್ತೀನಿ. ಆಗಲಿಲ್ಲಂದ್ರ ಇವನ್ನೆಲ್ಲಾ ಪುಣಾದ ಸಂಗೀತ ಸಂಸ್ಥಾಕ್ಕ ಕೊಟ್ಟುಬಿಡ್ತೀನಿ. ಕೇಳವರು ಇದ್ದಲ್ಲೆ ಇರಲಿ.”

ಮಾತು ಹಗುರಾಗಿಯೇ ಬಂತು. ಆದರೆ ತಟ್ಟೆಯನ್ನು ಕಪಾಟಿಗೆ ವಾಪಸ್ಸು ಇಡುವಾಗ ಅದರ ರಟ್ಟಿನ ಧೂಳನ್ನು ಸೆರಗಿನಿಂದ ಎರಡು ಸಲ ಒರೆಸಿದರು. ಯೋಚನೆ ಮಾಡುವುದರೊಳಗೆ ಬಾಯಿ ಮಾತು ಕೊಟ್ಟುಬಿಟ್ಟಿತು. “ಕೊಡೂದು ಬ್ಯಾಡ್ರೀ. ಗುರುಪೂರ್ಣಿಮಾಕ್ಕ ಇದೇ ಖೋಲಿಯೊಳಗ ತಟ್ಟೆ ತಿರಗತೈತಿ.”

ನನ್ನನ್ನು ಕರೆದುಕೊಂಡು ಹೋಗಿದ್ದವಳು ಅವರ ಶಿಷ್ಯೆಯೊಬ್ಬಳು. ಮಲಾಡಿನದೇ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಬೆಳಗಾವಿ ಕಡೆಯ ತಂದೆತಾಯಿ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಮಾತ್ರ ಹಿಂದಿ ಅಡ್ಡ ಬರುತ್ತದೆ. ಶಿಷ್ಯೆಯರಿಂದ ಚಂದಾ ಎತ್ತಿದವಳು ಅವಳೇ, ಆದ್ದರಿಂದ ಅವಳನ್ನು ಖಜಾಂಚಿ ಎಂದೇ ಕರೆಯುತ್ತೇನೆ. ಮೆಟ್ಟಿಲಿಳಿಯುತ್ತ ಅವಳು ಚಂದಾದ ಮೊತ್ತ ಹೇಳಿದಳು. ಅಷ್ಟರಲ್ಲಿ ಒಳ್ಳೆಯ ವಾಷಿಂಗ್ ಮಷೀನ್ ಬರುತ್ತದೆ. ಟ್ಯೂಬ್ ಆಂಪ್ಲಿಫೈಯರುಗಳ ಲೋಕದಲ್ಲಿ ಅದು ಚಿಲ್ಲರೆ.

ಕಡಿಮೆ ಬೆಲೆಯಲ್ಲಿ ಟ್ಯೂಬ್ ಆಂಪ್ಲಿಫೈಯರ್ ಹುಡುಕುವವರು ಮೊದಲು ವ್ಯಾಟ್ ನೋಡುತ್ತಾರೆ, ಆಮೇಲೆ ಟ್ಯೂಬ್ ಎಷ್ಟು ಚೆಂದ ಹೊಳೆಯುತ್ತದೆ ಎಂದು ನೋಡುತ್ತಾರೆ. ಎರಡೂ ತಪ್ಪು. ಮೊದಲು ನೋಡಬೇಕಾದ್ದು ಮನೆಯಲ್ಲಿರುವ ಸ್ಪೀಕರನ್ನು. ಮರುದಿನವೇ ಹೋಗಿ ಅಕ್ಕೋರ ಸ್ಪೀಕರುಗಳಿಗೆ ಒಂದೇ ವ್ಯಾಟಿನಷ್ಟು ಸಿಗ್ನಲ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಸದ್ದು ಅಳೆಯುವ ಮೀಟರ್ ಹಿಡಿದೆ. ಬಟ್ಟೆ ಕಪಾಟಿನಷ್ಟು ದೊಡ್ಡ ಹಳೆಯ ಪೆಟ್ಟಿಗೆಗಳು, ಒಳಗೆ ತೆಳ್ಳನೆಯ ಕಾಗದದ ಶಂಕುಗಳು. ಮುಳ್ಳು ನಾನಂದುಕೊಂಡದ್ದಕ್ಕಿಂತ ಮೇಲೆ ಹಾರಿತು. ಇಂಥ ಸ್ಪೀಕರಿಗೆ ಐದಾರು ವ್ಯಾಟ್ ಕೊಟ್ಟರೆ ಕೆಳಗಿನ ಮಹಡಿಯವರು ಜಗಳಕ್ಕೆ ಬರುತ್ತಾರೆ. ನಾನು ಅಲ್ಲೇ ಶಿಳ್ಳೆ ಹೊಡೆದೆ. ವ್ಯಾಟ್ ಬೇಡವೆಂದರೆ ಅರ್ಧ ಖರ್ಚು ಉಳಿಯಿತು.

ಆ ವಾರದಲ್ಲಿ ಮೂರು ಆಂಪ್ಲಿಫೈಯರುಗಳನ್ನು ಒಟ್ಟು ಮಾಡಿದೆ. ಒಂದು ಹೈಬ್ರಿಡ್. ಮುಂದೆ ಎರಡು ಟ್ಯೂಬ್, ಹಿಂದೆ ಬ್ಲೂಟೂತ್ ಡಬ್ಬಿಗಳಲ್ಲಿರುವಂಥ ಮಾಮೂಲಿ ಚಿಪ್. ಟ್ಯೂಬ್ ಕೆಂಪಗೆ ಹೊಳೆಯುವುದು ಸಾಲದೆಂದು ಅದರ ಬುಡದಲ್ಲಿ ಒಂದು ನೀಲಿ ದೀಪ ಬೇರೆ ಇಟ್ಟಿದ್ದರು. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಹೊಸ, ಪುಟ್ಟ ಮಷೀನು. ಒಂದೊಂದು ಕಡೆಗೆ ಒಂದೊಂದೇ ಔಟ್‌ಪುಟ್ ಟ್ಯೂಬ್, ಸರಳವಾದ ಸರ್ಕೀಟು, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಕೈಯಲ್ಲೆತ್ತಿ ತೂಗಿ ನೋಡಿದೆ, ಹಣಕ್ಕೆ ಮೀರಿದ ಭಾರವಿತ್ತು. ಟ್ಯೂಬ್ ಆಂಪ್ಲಿಫೈಯರಿನ ದನಿ ಕೂತಿರುವುದು ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ, ಅಂದರೆ ಕಬ್ಬಿಣ ಮತ್ತು ತಾಮ್ರದಲ್ಲಿ. ಭಾರವಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಮೂರನೆಯದನ್ನು ಮಾಟುಂಗದ ಒಂದು ಮನೆಯಿಂದ ತಂದೆ. ನಾಲ್ಕು ದೊಡ್ಡ ಟ್ಯೂಬಿನ ಹಳೆಯ ಗಜಗಾತ್ರದ ಮಷೀನು. ಕೇಳಿ ನೋಡಿ ಬೇಕಾದರೆ ಇಟ್ಟುಕೊಳ್ಳಿ ಎಂದಿದ್ದರು ಮನೆಯವರು, ಇಡ್ಲಿ ತಿನ್ನಿಸಿಯೇ ಕಳಿಸಿದರು. ಬೆಡ್‌ಶೀಟಿನಲ್ಲಿ ಸುತ್ತಿ ಎದೆಗವಚಿಕೊಂಡು ಮಾಟುಂಗ ರೋಡಿನಿಂದ ಸ್ಲೋ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬ ಹೆಂಗಸು ಗಂಟನ್ನು ಕೂಸೆಂದುಕೊಂಡು ಅಯ್ಯೋ ಪಾಪ ಎಂದು ಜಾಗ ಬಿಟ್ಟುಕೊಟ್ಟಳು. ಕೂತ ಮೇಲೆ ಬೆಡ್‌ಶೀಟಿನ ಸಂದಿಯಿಂದ ಟ್ರಾನ್ಸ್‌ಫಾರ್ಮರಿನ ಮೂಲೆ ಹೊರಬಂತು. ಅವಳ ಮುಖ ನೋಡಬೇಕಿತ್ತು. ಅಂಧೇರಿಯವರೆಗೂ ಡಬ್ಬಿಯಲ್ಲಿ ನಗೆ ನಿಲ್ಲಲಿಲ್ಲ, ನನ್ನದೂ ನಿಲ್ಲಲಿಲ್ಲ.

ಪರೀಕ್ಷೆಯ ದಿನ ಖಜಾಂಚಿಯೂ ಬಂದಿದ್ದಳು. ನಾನು ನನ್ನ ಮಾಮೂಲಿ ಟೆಸ್ಟ್ ತಟ್ಟೆ ತೆಗೆದುಕೊಂಡು ಹೋಗಿದ್ದೆ. ಅದರಲ್ಲಿ ತಮಟೆ, ಪಿಟೀಲು, ಗಾಜು ಒಡೆಯುವ ಸದ್ದು ಎಲ್ಲ ಇವೆ. ಅಕ್ಕೋರು ಅದನ್ನು ಪಕ್ಕಕ್ಕಿಟ್ಟರು.

“ಮದಲ ಅದು ಸುಮ್ಮನಿದ್ದಾಗ ಹೆಂಗಿರತದ ನೋಡೋಣು.”

ಆಂಪ್ಲಿಫೈಯರ್ ಹಚ್ಚಿಟ್ಟು, ಯಾವ ತಟ್ಟೆಯನ್ನೂ ಹಾಕದೆ, ಅವರು ತಂಬೂರಿ ಮಡಿಲಿಗೆಳೆದುಕೊಂಡರು. ಶ್ರುತಿ ಕೂಡಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂಡಿಸಿದರು. ಆ ಮನೆಯಲ್ಲಿ ತಂಬೂರಿ ಸರಿಹೋಗುವವರೆಗೆ ಯಾರೂ ಕೆಮ್ಮುವುದೂ ಇಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ಸಂಗೀತದ ಮಷೀನನ್ನು ಸಂಗೀತ ಹಾಕದೆ ಪರೀಕ್ಷೆ ಮಾಡುವವರನ್ನು ನಾನು ಆವರೆಗೆ ನೋಡಿರಲಿಲ್ಲ.

ಹೈಬ್ರಿಡ್ ಸುಮ್ಮನಿತ್ತು. ಮೊದಲ ಪರೀಕ್ಷೆ ಪಾಸು. ಆಮೇಲೆ ಗುರುಗಳ ತಟ್ಟೆ ಹಾಕಿದಾಗ ಅಕ್ಕೋರು ಹೂದಾನಿಯ ಕಡೆ ಕೈ ತೋರಿಸಿ, “ಇದು ಆ ಕರೀ ಡಬ್ಬಿಯ ತಂಗಿ,” ಎಂದರು. ಮಾಟುಂಗದ ಗಜರಾಜ ಚೆನ್ನಾಗಿಯೇ ಶುರುಮಾಡಿತು. ಸ್ವಲ್ಪ ಹೊತ್ತಿನಲ್ಲಿ ಅದರ ಒಂದು ಟ್ಯೂಬಿನ ಹೊಟ್ಟೆಯೊಳಗಿನ ತಗಡು ಕೆಂಡದ ಹಾಗೆ ಕೆಂಪಾಯಿತು, ನಾನು ಓಡಿಹೋಗಿ ಸ್ವಿಚ್ ಆರಿಸಿದೆ. ಟ್ಯೂಬುಗಳ ಆಯಸ್ಸು ಮುಗಿದಿತ್ತು. ಜೋಡಿ ಹೊಂದುವ ನಾಲ್ಕು ಹೊಸ ಟ್ಯೂಬಿಗೆ ಮಷೀನಿಗಿಂತ ಹೆಚ್ಚು ಬೆಲೆ ಕೊಡಬೇಕು. ಉಳಿದದ್ದು ಆ ಪುಟ್ಟದು.

ಅದರಲ್ಲಿ ಗುರುಗಳ ದನಿ ಬಂದ ಕೂಡಲೇ ಅಕ್ಕೋರು ಕೂತಲ್ಲೇ ಮುಂದಕ್ಕೆ ಬಾಗಿದರು. ನನಗೂ ರೋಮ ನಿಂತವು. ಕೋಣೆಯಲ್ಲಿ ಒಬ್ಬರು ಹೆಚ್ಚಾದ ಹಾಗಿತ್ತು. ಆದರೆ ತಟ್ಟೆ ಮುಗಿದು ಅವರು ಮತ್ತೆ ತಂಬೂರಿ ಮೀಟಿದಾಗ ಮುಖ ಗಂಟಿಕ್ಕಿತು.

“ಛಲೋ ಹಾಡಸ್ತದ. ಆದ್ರ ತಾನೂ ಹಾಡ್ತದಲ್ಲ ಇದು. ಮತ್ತ ಇದರ ಷಡ್ಜ ಬ್ಯಾರೆ ಅದ.”

ಸ್ಪೀಕರಿನಿಂದ ಬರುವ ಸಣ್ಣ ಗುಂಯ್ ಸದ್ದಿನ ಮಾತು ಅದು. ಮನೆಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತದೆ, ಅದನ್ನು ಆಂಪ್ಲಿಫೈಯರಿಗೆ ಬೇಕಾದ ಹಾಗೆ ನೇರಮಾಡುವಾಗ ನೂರು ಸಲದ ನಡುಕ ಉಳಿಯುತ್ತದೆ. ಎಲ್ಲ ಅಗ್ಗದ ಟ್ಯೂಬ್ ಸೆಟ್ಟುಗಳಲ್ಲೂ ಅದಿದ್ದದ್ದೇ, ಹಾಡು ಶುರುವಾದರೆ ಯಾರ ಗಮನಕ್ಕೂ ಬರುವುದಿಲ್ಲ. ಅಕ್ಕೋರ ಶ್ರುತಿ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಅವರ ತಂಬೂರಿಯ ದಪ್ಪ ತಂತಿ, ಖರಜ, ಆ ನೂರಕ್ಕಿಂತ ಒಂದು ಚೂರೇ ಚೂರು ಮೇಲೆ ನುಡಿಯುತ್ತದೆ. ಎರಡು ಹತ್ತಿರದ ಸ್ವರಗಳು ಒಟ್ಟಿಗೆ ನುಡಿದರೆ ಒಂದನ್ನೊಂದು ತಳ್ಳಾಡಿ ವಂವಂವಂ ಎಂದು ಮಿಡಿಯುತ್ತವೆ. ನಾನು ಆವರೆಗೆ ಗುಂಯ್ ಸದ್ದನ್ನು ಮಿಲಿವೋಲ್ಟಿನಲ್ಲಿ ಅಳೆದವಳೇ ಹೊರತು ಅದಕ್ಕೊಂದು ಶ್ರುತಿ ಇದೆಯೆಂದು ಯೋಚಿಸಿದವಳಲ್ಲ.

ಆದರೂ ಸೋಲಲು ಮನಸ್ಸಿಲ್ಲ. ಸಿಟ್ಟು ಮೂಗಿನ ತುದಿಗೆ ಬಂದಿತ್ತು. “ಅಕ್ಕೋರೇ, ಈ ರೇಟಿನ ಮಷೀನಿಗೆ ಇಷ್ಟು ಗುಂಯ್ ಇರೂದರೀ. ಅದನ್ನ ಕಿವಿಗೆ ಹಾಕ್ಕೋಬ್ಯಾಡ್ರಿ.”

“ಕಿವಿಗೆ ಹಾಕ್ಕೋಬ್ಯಾಡ ಅಂದ್ರ ಸಂಗೀತ ಹೆಂಗ ಕೇಳೂದವಾ?”

ಖಜಾಂಚಿ ನಡುವೆ ಬಂದಳು. “ಅಕ್ಕೋರ್, ಐಸಾ ಮಾಡೋಣಾ? ನೀವು ನಿಮ್ಮ ಸ್ವರ ಥೋಡಾ ಕೆಳಗೆ ಮಾಡಿ. ಮಷೀನ್ ಜೊತೆ ಮ್ಯಾಚ್ ಹೋ ಜಾಯೇಗಾ.”

ಬೇರೆ ಯಾರಾದರೂ ಬೈಯುತ್ತಿದ್ದರು. ಅಕ್ಕೋರು ನಿಜಕ್ಕೂ ತಂಬೂರಿಯ ಬಿರಡೆಗಳನ್ನು ತಿರುವಿ ತಂತಿ ಸಡಿಲಿಸಿದರು. ಖರಜ ಇಳಿದು ಇಳಿದು ಗುಂಯ್ ಸದ್ದಿಗೆ ಕೂಡಿತು, ಮಿಡಿತ ನಿಂತಿತು. ಅವರು ಕಣ್ಣು ಮುಚ್ಚಿ, ಗಂಭೀರವಾಗಿ, ಕರೆಂಟಿನ ಷಡ್ಜ ಹಿಡಿದು ಒಂದು ಆಲಾಪ ಹಾಡಿದರು. ಮುಗಿಸಿ, “ನೋಡ್ರಿ, ಮುಂಬಯಿ ಕರೆಂಟಿನ ಆಸ್ಥಾನ ಗಾಯಕಿ ಆದೆ,” ಎಂದು ಸೆರಗು ಸರಿಮಾಡಿಕೊಂಡರು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗೆ ಇಳಿದ ಮೇಲೆ ಅವರೇ ಹೇಳಿದರು. “ನಾ ಇಳಸಬಹುದು. ನಮ್ಮ ಗುರುಗಳದೂ ನಂದೂ ಒಂದೇ ಪಟ್ಟಿ, ಒಂದೇ ಶ್ರುತಿ. ತಟ್ಟಿಯೊಳಗ ಕೂತ ಅವರು ಇಳಸ್ತಾರೇನು?”

ಪುಟ್ಟ ಮಷೀನನ್ನು ಬಗಲಲ್ಲಿಟ್ಟುಕೊಂಡು ಕಾಂದಿವಲಿಗೆ ವಾಪಸ್ಸಾದೆ.

ನನ್ನ ವರ್ಕ್‌ಶಾಪಿನ ಇನ್ನೊಂದು ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವವರು ಒಬ್ಬರಿದ್ದಾರೆ. ನಮ್ಮ ವಿಜಯಪುರದವರೇ, ಮಾತು ಕನ್ನಡ ಮತ್ತು ದಖನಿಯ ಕಲಬೆರಕೆ. ಇಡೀ ಎಸ್ಟೇಟು ಅವರನ್ನು ಉಸ್ತಾದ್ ಎನ್ನುತ್ತದೆ. ಬಡಾಯಿ ಕೊಚ್ಚಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ತಾವು ಸುತ್ತಿದ ಟ್ರಾನ್ಸ್‌ಫಾರ್ಮರುಗಳ ಫೋಟೊಗಳನ್ನು ಮೊಮ್ಮಕ್ಕಳ ಫೋಟೊಗಳಿಗಿಂತ ಮೊದಲು ತೋರಿಸುತ್ತಾರೆ.

“ಕಾಯ್ಕು ಡರತೀ?” ಎಂದರು ನಾನು ಕಥೆ ಹೇಳಿದ ಮೇಲೆ. “ಚೋಕ್ ಹಾಕಿದ್ರ ಆತು. ಮೈ ಸುತ್ತೂಂಗಾ. ಐಸಾ ಚೋಕ್, ಗುಂಯ್ ಅನ್ನೂದು ಊರ ಬಿಟ್ಟು ಓಡಬೇಕು.”

ಚೋಕ್ ಎಂದರೆ ಕಬ್ಬಿಣದ ಸುತ್ತ ಸುತ್ತಿದ ತಂತಿಯ ಸುರುಳಿ. ಕರೆಂಟು ಅದರ ಮೂಲಕ ಹಾದರೆ ಆ ನೂರರ ನಡುಕ ಅಡಗುತ್ತದೆ. ಅಗ್ಗದ ಮಷೀನುಗಳಲ್ಲಿ ಖರ್ಚು ಉಳಿಸಲು ಅದನ್ನು ಹಾಕಿರುವುದಿಲ್ಲ. ಹಾಕಬಹುದು. ಆದರೆ ಹಾಕಬೇಕಾದರೆ ಮಷೀನು ಬಿಚ್ಚಬೇಕು, ಬಿಚ್ಚಬೇಕಾದರೆ ಸ್ಕ್ರೂ ಮೇಲಿನ ಸೀಲು ಹರಿಯಬೇಕು. ಸೀಲು ಹರಿದರೆ ಕಂಪನಿಯವರು ವಾಪಸ್ಸು ತೆಗೆದುಕೊಳ್ಳುವುದಿಲ್ಲ, ಶಿಷ್ಯೆಯರ ಚಂದಾ ಅಲ್ಲಿಗೆ ಮುಗಿಯಿತು. ವಾಪಸ್ಸು ಕಳಿಸಲು ಮರುದಿನವೇ ಕೊನೆ.

ನಾನು ಬ್ಲೇಡು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದೆ. ಹೈಬ್ರಿಡ್ಡಿಗೆ ಗುಂಯ್ ಇಲ್ಲ, ದನಿಯೂ ಇಲ್ಲ. ಇಲ್ಲದ ದನಿಯನ್ನು ನಾನು ಎಲ್ಲಿಂದಲೂ ತಂದು ಹಾಕಲಾರೆ. ಇದಕ್ಕೆ ದನಿ ಇದೆ, ಜೊತೆಗೊಂದು ರೋಗ ಇದೆ. ರೋಗ ತೆಗೆಯುವುದೇ ನನ್ನ ಕಸುಬು. ಖಜಾಂಚಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ.

“ಫಿರ್ ರಿಟರ್ನ್ ಆಗೋದಿಲ್ಲ?”

“ಇಲ್ಲ.”

“ಸರಿ ಆಗ್ತದಾ, ಪಕ್ಕಾ?”

“ಪಕ್ಕಾ ಅಂತ ಸುಳ್ಳು ಹೇಳಂಗಿಲ್ಲ.”

“ಅಕ್ಕೋರ್ ಮುಂದೆ ಬಾಗಿ ಕೇಳಿದ್ರಲ್ಲ, ಮೈನೇ ದೇಖಾ,” ಎಂದಳು. “ಖೋಲ್ ದೋ ದೀದಿ. ನಾನು ಎಲ್ಲರಿಗೆ ಹೇಳ್ತೇನೆ.”

ನಾನು ಸೀಲು ಹರಿದೆ. ಒಳಗಿನ ಕೆಲಸ ಒಂದೊಂದಾಗಿ ಶುರುವಾಯಿತು. ಮುನ್ನೂರು ವೋಲ್ಟ್ ಇರುವ ಪೆಟ್ಟಿಗೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಕರೆಂಟು ಕೂತಿರುತ್ತದೆ. ಮೊದಲು ಅವನ್ನು ಬರಿದು ಮಾಡಿ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಕೆಲಸ ಮಾಡಬೇಕು. ಅರ್ತ್ ತಂತಿಗಳನ್ನು ಕಾರ್ಖಾನೆಯವರು ಸಿಕ್ಕಸಿಕ್ಕಲ್ಲಿ ಬೆಸೆದಿದ್ದರು, ಎಲ್ಲವನ್ನೂ ಬಿಚ್ಚಿ ಒಂದೇ ಬಿಂದುವಿಗೆ ತಂದೆ. ಟ್ಯೂಬ್ ಕಾಯಿಸುವ ಕರೆಂಟನ್ನೂ ನೇರಮಾಡಿದೆ. ಉಸ್ತಾದ್ ಸುತ್ತಿದ ಚೋಕನ್ನು ಬೆಂಚಿನ ಮೇಲೆ ಉದ್ದ ತಂತಿಯಲ್ಲಿ ಜೋಡಿಸಿದೆ. ಮೀಟರಿನ ಅಂಕಿ ಇಳಿದ ವೇಗಕ್ಕೆ ಉಸ್ತಾದರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಆಮೇಲೆ ಚೋಕನ್ನು ಪೆಟ್ಟಿಗೆಯೊಳಗೆ ಇದ್ದ ಒಂದೇ ಖಾಲಿ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರಿಸಿದೆ. ಅಂಕಿ ಒಂಚೂರು ಏರಿತು. ಅಷ್ಟಕ್ಕೇನಾಗುತ್ತದೆ ಎಂದುಕೊಂಡು ಮುಚ್ಚಳ ಹಾಕಿದೆ.

ಮಲಾಡಿನಲ್ಲಿ ಅಕ್ಕೋರು ಮತ್ತೆ ಶ್ರುತಿ ಕೂಡಿಸಿ ಖರಜ ಮೀಟಿದರು. ಮಿಡಿತ ಮೆಲ್ಲಗಾಗಿತ್ತು, ಹೋಗಿರಲಿಲ್ಲ. ಈಗ ನನಗೂ ಸ್ಪಷ್ಟವಾಗಿ ಕೇಳಿಸಿತು.

“ಬಿಡವಾ,” ಎಂದರು ಅವರು ಅಕ್ಕರೆಯಿಂದ. “ನೀ ಭಾಳ ಮಾಡೀದಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಚೆ ನೋಡಿದರೆ ಗೋಡೆಯ ಪಕ್ಕದಲ್ಲಿ ಕಿರಾಣಿ ಅಂಗಡಿಯಿಂದ ತರಿಸಿದ ಖಾಲಿ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ತಟ್ಟೆ ತುಂಬಲು ತರಿಸಿದ್ದೆಂದು ಕೇಳಬೇಕಾಗಿರಲಿಲ್ಲ. ನನಗೆ ಅಳು ಬಂತು. ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿ ಮುಖ ಒರೆಸಿಕೊಂಡೆ.

ತಪ್ಪು ಎಲ್ಲಿದೆಯೆಂದು ಹೊಳೆದದ್ದು ಸ್ಟೇಷನ್ನಿನ ಬ್ರಿಜ್ ಹತ್ತುವಾಗ. ಬೆಂಚಿನ ಮೇಲೆ ಚೋಕು ದೂರದಲ್ಲಿತ್ತು, ಪೆಟ್ಟಿಗೆಯೊಳಗೆ ಅದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲಿ. ಕರೆಂಟಿನ ನಡುಕವನ್ನೇನೋ ಅದು ನುಂಗಿತ್ತು, ಆದರೆ ಅದರದೇ ಅಯಸ್ಕಾಂತದ ಸೆಳೆತ ಪಕ್ಕದ ಟ್ರಾನ್ಸ್‌ಫಾರ್ಮರಿಗೆ ಅದೇ ನಡುಕವನ್ನು ದಾಟಿಸುತ್ತಿತ್ತು. ಒಂದು ಬಾಗಿಲಲ್ಲಿ ಓಡಿಸಿದ ಕಳ್ಳನನ್ನು ನಾವೇ ಇನ್ನೊಂದು ಬಾಗಿಲಲ್ಲಿ ಒಳಗೆ ಬಿಟ್ಟಿದ್ದೆವು. ಚೋಕನ್ನು ಹೊರಗಿಟ್ಟು, ಸೆಳೆತ ತಾಗದಂಥ ಕೋನಕ್ಕೆ ತಿರುಗಿಸಿ ನಿಲ್ಲಿಸಬೇಕು. ಆ ಕೋನ ಕಾಂದಿವಲಿಯಲ್ಲಿ ಸಿಗುವುದಿಲ್ಲ. ಅಲ್ಲಿ ಮೋಲ್ಡಿಂಗ್ ಮಷೀನಿನ ಗದ್ದಲ, ಮೀಟರಿಗೆ ಈ ಚೂರುಪಾರು ಲೆಕ್ಕಕ್ಕೇ ಇಲ್ಲ. ಈ ಗುಂಯ್ ಸದ್ದನ್ನು ಹಿಡಿದು ತೋರಿಸುವ ಉಪಕರಣ ಒಂದೇ, ಅದು ಅಕ್ಕೋರ ಮಡಿಲಲ್ಲಿದೆ. ಬೆಂಚನ್ನೇ ಅಲ್ಲಿಗೆ ಒಯ್ಯಬೇಕೆಂದು ಬ್ರಿಜ್ಜಿನ ಮೇಲೇ ನಿಶ್ಚಯಿಸಿದೆ.

ಮರುದಿನ ಮಧ್ಯಾಹ್ನ ಬೆಸುಗೆ ಸಾಮಾನಿನ ಚೀಲದೊಂದಿಗೆ ಉಸ್ತಾದರನ್ನೂ ಎಳೆದುಕೊಂಡು ಹೋದೆ. ಖಜಾಂಚಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. “ಇವರು ನಮ್ಮ ಉಸ್ತಾದ್,” ಎಂದು ಪರಿಚಯಿಸಿದ್ದೇ ತಡ, ಯಾವುದೋ ಘರಾನೆಯ ದೊಡ್ಡ ಗಾಯಕರೆಂದುಕೊಂಡು ಅವಳು ಅವರ ಕಾಲು ಮುಟ್ಟಿದಳು. ಅವರೂ ಬೇಡವೆನ್ನದೆ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು.

ಚೋಕನ್ನು ಬಿಗಿಯಲು ಕರೆಂಟು ಹಾಯದ ಮರದ ಹಲಗೆ ಬೇಕಿತ್ತು. ಅಕ್ಕೋರು ಅಡುಗೆಮನೆಯಿಂದ ಚಪಾತಿ ಮಣೆ ತಂದುಕೊಟ್ಟರು. ಅದರ ನಡುವೆ ಚೋಕನ್ನು ಬಿಗಿದು, ತಂತಿಗಳಿಗೆ ದಪ್ಪ ಕೊಳವೆ ತೊಡಿಸಿ, ಚೋಕನ್ನು ಮುಟ್ಟಬಾರದು, ಮಣೆಯ ಅಂಚನ್ನಷ್ಟೇ ಹಿಡಿದು ತಿರುಗಿಸಬೇಕು ಎಂದು ಉಸ್ತಾದರಿಗೆ ಎರಡು ಸಲ ತಾಕೀತು ಮಾಡಿದೆ. ಅಕ್ಕೋರು ಕಣ್ಣು ಮುಚ್ಚಿ ಖರಜ ಮೀಟಿದರು. ವಂವಂವಂ. ಉಸ್ತಾದರು ಮಣೆ ತಿರುಗಿಸಿದರು.

“ಇನ್ನ ಸ್ವಲ್ಪ. ಹಾಂ, ಇಳೀಲಿಕ್ಕತ್ತದ. ಇನ್ನೊಂದಿಷ್ಟು. ದಾಟಿ ಹೋತು, ದಾಟಿ ಹೋತು, ಹಿಂದ ಬರ್ರಿ.”

“ಯೇ ಮಣೇಕಾ ಸ್ಟೇರಿಂಗ್ ಭಾರೀ ಐತಿ,” ಎಂದರು ಉಸ್ತಾದ್ ಬೆವರು ಒರೆಸುತ್ತ.

ನಾನು ಮಷೀನಿನಿಂದ ಮಣೆಯನ್ನು ಒಂದು ಗೇಣು ದೂರ ಸರಿಸಿದೆ, ಅವರು ಮತ್ತೆ ತಿರುಗಿಸಿದರು. ಹೀಗೆ ಸರಿಸುವುದು, ತಿರುಗಿಸುವುದು, ಮೀಟುವುದು ನಡೆದೇ ಇತ್ತು. ಒಂದು ಸೊಟ್ಟ ಕೋನಕ್ಕೆ ಬಂದಾಗ ಅಕ್ಕೋರ ಬೆರಳು ತಂತಿಯ ಮೇಲೆ ನಿಧಾನವಾಯಿತು. ಖರಜ ಒಂದೇ ಧಾರೆಯಾಗಿ ಕೋಣೆ ತುಂಬಿತು.

ಅಕ್ಕೋರು ಕಣ್ಣು ತೆರೆಯದೆ ಕೇಳಿದರು, “ಯಾಕ ಆರಿಸಿದ್ರಿ? ಹಚ್ಚರಿ.”

“ಆರಿಸಿಲ್ಲರೀ ಅಕ್ಕೋರೇ,” ಎಂದೆ. “ಹತ್ತೇ ಐತಿ.”

ಅವರು ಕಣ್ಣು ತೆರೆದು, ಬೆಳಗುತ್ತಿದ್ದ ಟ್ಯೂಬುಗಳನ್ನು ನೋಡಿದರು. ಖಜಾಂಚಿ ಕಿರುಚಿದ್ದಕ್ಕೆ ಎದುರು ಮನೆಯವರು ಬಾಗಿಲು ತೆರೆದರು. ಉಸ್ತಾದರಿಗೆ ಮಾತ್ರ ಒಂದು ಕೊರಗು. ಇಷ್ಟು ಚೆಂದದ ಚೋಕು ಹೀಗೆ ಸೊಟ್ಟಗೆ ನಿಂತರೆ ನೋಡಿದವರು ಸುತ್ತಿದವನ ಕೈ ಸೊಟ್ಟ ಅಂದುಕೊಳ್ಳುತ್ತಾರಂತೆ. ಫೋಟೊ ತೆಗೆಯುವಾಗ ಅವರೇ ಸೊಟ್ಟಗೆ ಬಗ್ಗಿ ಅದನ್ನು ನೇರಮಾಡಿ ತೆಗೆದುಕೊಂಡರು. ಅದೇ ಕೋನದಲ್ಲಿ ಮಣೆಯನ್ನು ಕಪಾಟಿಗೆ ಸ್ಕ್ರೂ ಹೊಡೆದು, ಮೇಲೊಂದು ಜಾಲರಿ ಮುಚ್ಚಳ ಹಾಕಿ ಅರ್ತ್ ಕೊಟ್ಟೆ. ಅಕ್ಕೋರು ಒಗ್ಗರಣೆ ಅವಲಕ್ಕಿ ಮಾಡಿದರು, ಚಪಾತಿ ಮಾಡುವಂತಿರಲಿಲ್ಲವಲ್ಲ.

ಗುರುಪೂರ್ಣಿಮೆಯ ದಿನ ಆ ಸಣ್ಣ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿಷ್ಯೆಯರು ಒಬ್ಬೊಬ್ಬರಾಗಿ ಗುರುವಿನ ಮುಂದೆ ಕೂತು ಹಾಡಿದರು. ಎಲ್ಲರದೂ ಮುಗಿದ ಮೇಲೆ ಅಕ್ಕೋರು ನನಗೆ ಸನ್ನೆ ಮಾಡಿದರು. ಟ್ಯೂಬುಗಳು ಕಾಯುವವರೆಗೆ ಕಾದು, ಗುರುಗಳ ತಟ್ಟೆಯ ಮೇಲೆ ನಾನೇ ಮುಳ್ಳು ಇಳಿಸಿದೆ.

ಮೊದಲು ತಂಬೂರಿ ಬಂತು. ಹಾಡಿನ ಹಿಂದಿನ ಮಸುಕು ಸದ್ದಾಗಿ ಅಲ್ಲ, ಒಂದೊಂದು ತಂತಿಯೂ ತಾನೇ ತಾನಾಗಿ ಬಂತು. ಕಣ್ಣು ಮುಚ್ಚಿ ಕೂತಿದ್ದ ಅಕ್ಕೋರ ಬಲಗೈ ಬೆರಳುಗಳು ಮೊಣಕಾಲಿನ ಮೇಲೆ ಅದರ ಜೊತೆಗೇ ಆಡಿದವು. ಮುಖದ ಮೇಲೆ ಹತ್ತೊಂಬತ್ತರ ಹುಡುಗಿಯ ನಗೆ. ನನಗೆ ಇಷ್ಟು ವರ್ಷ ಬೆಸುಗೆ ಹೊಗೆ ಕುಡಿದದ್ದು ಸಾರ್ಥಕ ಅನ್ನಿಸಿತು. ಅಷ್ಟರಲ್ಲೇ ಅವರ ಹುಬ್ಬು ಗಂಟಿಕ್ಕಿತು.

“ತಡಿ, ತಡಿ. ಮತ್ತೊಮ್ಮೆ ಹಚ್ಚು.”

ಮುಳ್ಳು ಎತ್ತಿ ಮತ್ತೆ ಮೊದಲಿಗೆ ಇಟ್ಟೆ. ಅಕ್ಕೋರು ತಲೆ ಓರೆ ಮಾಡಿ ಕೇಳಿ, “ಪಂಚಮ ಇಳದದ,” ಎಂದರು.

ನಾನು ಮಷೀನಿನ ಕಡೆ ಕೈ ಚಾಚಿದೆ.

“ಮಷೀನಿಂದಲ್ಲವಾ, ನಂದು! ಆ ಹುಡುಗೀದು. ಪಂಚಮದ ತಂತಿ ಇಳಿಸಿಕೊಂಡು ಕೂತಾಳ. ಹಳೇ ಸೆಟ್ಟಿನ್ಯಾಗ ತಂಬೂರಿ ಕೇಳತಿತ್ತು, ತಂತಿ ಕೇಳತಿದ್ದಿಲ್ಲ.” ಅವರಿಗೆ ನಗು ಬರತೊಡಗಿತ್ತು. “ಅವತ್ತ ಹಾಡು ನಡದಾಗ ಗುರುಗಳು ಹೊಳ್ಳಿ ಹೊಳ್ಳಿ, ಹಿಂದ ತಿರುಗಿ ನನ್ನ ಕಡೆ ನೋಡಿದ್ರು. ಶಾಭಾಸ್ ಅನ್ಲಿಕ್ಕತ್ತಾರ ಅಂತ ತಿಳಕೊಂಡು ಜನ್ಮ ಪೂರ್ತಿ ಬೀಗಿದ್ನಲ್ಲವಾ!”

ಗುರುಪೂರ್ಣಿಮೆಯ ದಿನ ಗುರುವನ್ನು ನೋಡಿ ನಗಬಹುದೋ ಬಾರದೋ ತಿಳಿಯದೆ ಶಿಷ್ಯೆಯರು ತುಟಿ ಕಚ್ಚಿಕೊಂಡಿದ್ದರು. ಮೊದಲು ತಡೆಯಲಾರದೆ ಹೋದವಳು ಖಜಾಂಚಿ. ಆಮೇಲೆ ಇಡೀ ಕೋಣೆ ನಕ್ಕಿತು. ಅಕ್ಕೋರು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಖಜಾಂಚಿ ಅಂಜುತ್ತ ಕೇಳಿದಳು.

“ಅಕ್ಕೋರ್, ಫಿರ್ ಪುಣೆಗೆ ಕಳಿಸೋದು?”

“ಪುಣಾದವರಿಗೆ ಈ ಪಂಚಮ ಕೇಳಸಲೇನು? ಮಾನ ಹೋಗತದ. ಎಲ್ಲಾ ತಟ್ಟಿ ಇಲ್ಲೇ ಇರತಾವ. ಶನಿವಾರ ಎಲ್ಲಾರೂ ಬರ್ರಿ. ತಂಬೂರಿ ಹೆಂಗ ಕೂಡಸಬಾರದು, ಅದೇ ಮದಲನೇ ಪಾಠ.”

ಹಾಗೆಂದು ಅವರು ತಂಬೂರಿ ಮಡಿಲಿಗೆ ತೆಗೆದುಕೊಂಡು ಪಂಚಮದ ತಂತಿಯನ್ನು ಕೂಡಿಸತೊಡಗಿದರು. ಯಾರೂ ಕೆಮ್ಮಲಿಲ್ಲ. ಮನಸ್ಸಿಗೆ ಸರಿ ಬಂದ ಮೇಲೆ ನನ್ನ ಕಡೆ ತಲೆಯಾಡಿಸಿದರು. ತಟ್ಟೆ ಮೂರನೆಯ ಸಲ ತಿರುಗಿತು. ಅಕ್ಕೋರು ಗುರುಗಳ ದನಿಯ ಹಿಂದೆ ಕೂತು, ಆ ಹುಡುಗಿಯ ತಂಬೂರಿಯ ಮೇಲೆ ತಮ್ಮ ತಂಬೂರಿಯನ್ನು ತುಂಬುತ್ತ, ಕೊನೆಯ ತನಕ ನುಡಿಸಿದರು. ಮುಳ್ಳು ಎದ್ದ ಮೇಲೆ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸಿ ನನ್ನನ್ನು ನೋಡಿದರು.

“ನೋಡಿದೇನು? ಈ ಸಲ ಗುರುಗಳು ಹೊಳ್ಳಿ ನೋಡಲಿಲ್ಲ.”